ಯುಡಿಆರ್ ಆದರೆ ಕೇಸು ಮುಗಿಯಿತೇ?

ಪ್ರಶ್ನೆ: ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಮಳೆಗಾಲಕ್ಕೆ ಮುಂಚೆ ಶೀಟ್ ರಿಪೇರಿಗೆ ಹತ್ತಿದ ನನ್ನ ಅಣ್ಣ ಬಿದ್ದು ತೀರಿಕೊಂಡರು. ಪೊಲೀಸರು ಯುಡಿಆರ್ ಮಾಡಿದ್ದಾರೆ. ಬೆಲ್ಟ್ ಹಾಕದ್ದು ಅಣ್ಣನದೇ ತಪ್ಪು, ಅವರು ಕಾಂಟ್ರಾಕ್ಟರ್ ಕಡೆಯ ಜನ ಅಂತ ಕಂಪೆನಿಯವರು ಹೇಳುತ್ತಾರೆ. ಧಣಿಗಳಿಗೆ ಹೊಣೆಯೇ ಇಲ್ಲವಾ ಸರ್?
- ಓದುಗರೊಬ್ಬರು, ಸುರತ್ಕಲ್

ಉತ್ತರ (ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್): ಯುಡಿಆರ್ ಅಂದರೆ ಅಸಹಜ ಸಾವಿನ ವರದಿ ಅಷ್ಟೇ, ತಂಗಿ. ಸಾವು ಹೇಗಾಯಿತು ಅಂತ ಮಾತ್ರ ಅದು ನೋಡುತ್ತದೆ. ಯಾರ ನಿರ್ಲಕ್ಷ್ಯ ಅಂತ ಹುಡುಕಲು ಎಫ್‌ಐಆರ್ ಬೇಕು. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 106(1), ಅಂದರೆ ನಿರ್ಲಕ್ಷ್ಯದಿಂದಾದ ಸಾವಿನ ಕಲಮಿನಡಿ ದೂರನ್ನು ಬರವಣಿಗೆಯಲ್ಲಿ ಕೊಡಿ. ಹಳೆಯ ಐಪಿಸಿಯ 304ಎ ಕಲಮಿನಲ್ಲಿ ಗರಿಷ್ಠ 2 ವರ್ಷ ಶಿಕ್ಷೆ ಇತ್ತು, ಇದರಲ್ಲಿ 5 ವರ್ಷ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಮೇಲಧಿಕಾರಿಗೆ ಕಳಿಸಿ. ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ.

ಬೆಲ್ಟ್ ಮಾತು ನಾನು ಎಷ್ಟೋ ಸಲ ಕೇಳಿದ್ದೇನೆ ಮಾರಾಯ್ರೆ! ತನಿಖೆ ಮಾಡುವವರು ಅಲ್ಲಿಗೇ ನಿಲ್ಲಬಾರದು. ಬೆಲ್ಟ್ ಎಲ್ಲಿತ್ತು? ಸ್ಟೋರ್ ಬೀಗ ಯಾರ ಹತ್ತಿರ? ಇದ್ದರೂ ಕೊಕ್ಕೆ ಸಿಕ್ಕಿಸಲು ಮೇಲೆ ಹಗ್ಗ ಕಟ್ಟಿತ್ತಾ? ಹಳೆ ಶೀಟ್ ಮೇಲೆ ಕಾಲಿಡಲು ಹಲಗೆ ಹಾಕಿದ್ದರಾ? ವರ್ಕ್ ಪರ್ಮಿಟ್‌ಗೆ (ಅಪಾಯದ ಕೆಲಸಕ್ಕೆ ಕೊಡುವ ಅನುಮತಿ ಚೀಟಿ) ಸಹಿ ಯಾರದು? ಹತ್ತು ಅಂದದ್ದು ಯಾವ ಸೂಪರ್‌ವೈಸರ್? ಈ ಉತ್ತರಗಳಿಂದಲೇ ಕೇಸು ನಿಲ್ಲುವುದು. ಸಿಸಿಟಿವಿ ದೃಶ್ಯ ಬೇಗ ಅಳಿಸಿಹೋಗುತ್ತದೆ, ಜಪ್ತಿ ಮಾಡಿ ಅಂತ ಇವತ್ತೇ ಬರೆದುಕೊಡಿ. ಜೊತೆಗಿದ್ದ ಕೆಲಸಗಾರರು ಒಡಿಶಾ, ಜಾರ್ಖಂಡ್ ಕಡೆಯವರಾದರೆ ಊರಿಗೆ ಹೋಗುವ ಮೊದಲೇ ಅವರ ಹೇಳಿಕೆ ಆಗಬೇಕು.

ಧಣಿಯ ಹೆಸರು ತಾನಾಗಿ ಎಫ್‌ಐಆರ್‌ಗೆ ಬರುವುದಿಲ್ಲ. ಡೈರೆಕ್ಟರ್ ಎಂಬ ಒಂದೇ ಕಾರಣಕ್ಕೆ ಆರೋಪಿ ಮಾಡಲಾಗದು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಸುನಿಲ್ ಭಾರ್ತಿ ಮಿತ್ತಲ್ ಪ್ರಕರಣದಲ್ಲಿ ಹೇಳಿದೆ. ಅವರ ಪಾತ್ರ ತೋರಿಸಬೇಕು, ಇಲ್ಲವೇ ಕಾನೂನೇ ಅವರನ್ನು ಹೊಣೆ ಮಾಡಿರಬೇಕು. ಕಾರ್ಖಾನೆ ಕಾನೂನು ಹಾಗೆ ಮಾಡಿದೆ. ಕಂಪೆನಿಯ ಡೈರೆಕ್ಟರ್‌ಗಳಲ್ಲಿ ಒಬ್ಬರು ‘ಆಕ್ಯುಪೈಯರ್’ (ಕಾನೂನಿನ ಕಣ್ಣಿನಲ್ಲಿ ಕಾರ್ಖಾನೆಯ ಹೊಣೆಗಾರ) ಆಗಿರುತ್ತಾರೆ, ಸುರಕ್ಷತೆ ಅವರ ತಲೆಮೇಲೆ. ಆ ಕೇಸು ಹಾಕುವುದು ಪೊಲೀಸರಲ್ಲ, ಕಾರ್ಖಾನೆಗಳ ಇಲಾಖೆ. ಜನ ಇದನ್ನೇ ಮರೆಯುತ್ತಾರೆ. ದೂರಿನ ಒಂದು ಪ್ರತಿ ಅಲ್ಲಿಗೂ ಹೋಗಲಿ. ಕಂಪೆನಿಯನ್ನು ಜೈಲಿಗೆ ಹಾಕಲಾಗದು, ದಂಡ ಹಾಕಬಹುದು. ಕಾಂಟ್ರಾಕ್ಟರ್ ಹೆಸರು ಹೇಳಿದ ಮಾತ್ರಕ್ಕೆ ಕಂಪೆನಿಯವರು ಜಾರಿಕೊಳ್ಳುವಂತಿಲ್ಲ.

ಪರಿಹಾರದ ಚೆಕ್ ಕೊಡುವಾಗ ‘ದೂರಿಲ್ಲ’ ಎಂಬ ಕಾಗದಕ್ಕೆ ಸಹಿ ಕೇಳಿದರೆ ಹಾಕಬೇಡಿ. ಪರಿಹಾರ ಬೇರೆ, ಕೇಸು ಬೇರೆ. ಅಣ್ಣನಿಗೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇತ್ತಾ ನೋಡಿ. ಇದ್ದರೆ ಅವಲಂಬಿತರಿಗೆ ಸಂಬಳದ ಶೇ. 90ರ ಲೆಕ್ಕದಲ್ಲಿ ಪಿಂಚಣಿ ಬರುತ್ತದೆ. ಅತ್ತಿಗೆಯ ಕಾಗದಪತ್ರ ಮೊದಲು ಸರಿಮಾಡಿಸಿ.