ಆಕ್ರೋಶ ಭುಗಿಲೆದ್ದದ್ದು ಎಷ್ಟು ಗಂಟೆಗೆ?

ನಮಸ್ಕಾರ.

‘ಅಮೆರಿಕವನ್ನು ಬದಲಿಸಿದ ಐದು ತಿರುವುಗಳು’ ಎಂಬ ನಿಮ್ಮ ಲೇಖನ ಬಂದು ಮೂರು ವಾರವಾಯಿತು. ಉತ್ತರ ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಎರಡು ಸಲ ಓದಿದೆ. ಮೊದಲ ಸಲ ರಾತ್ರಿ ಊಟವಾದ ಮೇಲೆ, ಖುಷಿಯಿಂದ. ಎರಡನೇ ಸಲ ಕೈಯಲ್ಲಿ ಪೆನ್ಸಿಲ್ ಹಿಡಿದು, ಸಿಟ್ಟಿನಿಂದ.

ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕನ್ನಡ ಸರಾಗವಾಗಿದೆ. ವಾಟರ್‌ಗೇಟ್ ಕಟ್ಟಡದ ಕಾವಲುಗಾರ ಬಾಗಿಲ ಬೀಗಕ್ಕೆ ಅಂಟಿಸಿದ್ದ ಟೇಪನ್ನು ಕಂಡದ್ದು ಕಣ್ಣಿಗೆ ಕಟ್ಟುತ್ತದೆ. ವಿಯೆಟ್ನಾಂ ಬಗ್ಗೆ ತಕರಾರಿಲ್ಲ. ಕೆನಡಿ ಬಗ್ಗೆ ಎಲ್ಲರೂ ಬರೆಯುವುದನ್ನೇ ಬರೆದಿದ್ದೀರಿ, ಇರಲಿ.

ನನ್ನನ್ನು ಕೆಣಕಿದ್ದು ಮೊದಲ ಎರಡು ಪುಟ. ಮಾಂಟ್‌ಗೊಮರಿಯ ಬಸ್ಸಿನ ಕತೆ. ಅಮೆರಿಕದ ಅಲಬಾಮಾ ರಾಜ್ಯದ ಊರು ಅದು; ಬಸ್ಸಿನಲ್ಲಿ ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆ ಬೇರೆ ಕೂರಿಸುವ ‘ಪ್ರತ್ಯೇಕತೆ’ ಇದ್ದ ಕಾಲ. ನಿಮ್ಮ ಸಾಲುಗಳನ್ನೇ ಎತ್ತಿ ಬರೆಯುತ್ತೇನೆ:

“ಅಂದು 1955ರ ಡಿಸೆಂಬರ್ 1. ದಿನವಿಡೀ ದುಡಿದು ದಣಿದಿದ್ದ ಬಡ ದರ್ಜಿ ಹೆಂಗಸು ರೋಸಾ ಪಾರ್ಕ್ಸ್ ಬಿಳಿಯರಿಗೆ ಮೀಸಲಾದ ಸೀಟಿನಲ್ಲಿ ಕುಳಿತಳು. ಏಳು ಎಂದಾಗ ತಟ್ಟನೆ ಅವಳೊಳಗೆ ಏನೋ ಸಿಡಿಯಿತು. ಆ ಒಂದು ಕ್ಷಣದಲ್ಲಿ ಇತಿಹಾಸ ಬದಲಾಯಿತು. ಜನರ ಆಕ್ರೋಶ ಭುಗಿಲೆದ್ದಿತು. ಬಸ್ ಬಹಿಷ್ಕಾರ ಆರಂಭವಾಯಿತು. ಕೊನೆಗೆ ಪ್ರತ್ಯೇಕತೆ ರದ್ದಾಯಿತು.”

ಏಳು ವಾಕ್ಯ. ತಾರೀಖೊಂದು ಸರಿಯಾಗಿದೆ.

‘ಕುಳಿತಳು’ ಎಂಬಲ್ಲಿಂದ ಶುರು ಮಾಡೋಣ. ರೋಸಾ ಪಾರ್ಕ್ಸ್ ಅವರಿಗೆ ಆಗ 42 ವರ್ಷ. ಅದೇ ಪುಟದ ಕೆಳಗೆ ಮಾರ್ಟಿನ್ ಲೂಥರ್ ಕಿಂಗ್ ‘ಬಂದರು’, ‘ಮಾತನಾಡಿದರು’. ಕಿಂಗ್ ಅವರಿಗೆ ಆಗ 26. ಹದಿನಾರು ವರ್ಷ ದೊಡ್ಡವರಿಗೆ ‘ಅವಳು’, ಚಿಕ್ಕವರಿಗೆ ‘ಅವರು’. ನೀವು ಬೇಕೆಂದು ಮಾಡಿದ್ದಲ್ಲ, ನನಗೆ ಗೊತ್ತು. ಇಂಗ್ಲಿಷಿನಲ್ಲಿ ಬರೆದಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಕನ್ನಡದಲ್ಲಿ ಕ್ರಿಯಾಪದ ಬಾಯಿಬಿಟ್ಟು ಹೇಳಿಬಿಡುತ್ತದೆ. ಅವರನ್ನು ‘ಬಡ ದರ್ಜಿ ಹೆಂಗಸು’ ಎಂದು ಒಮ್ಮೆ ತೀರ್ಮಾನಿಸಿದ ಮೇಲೆ ಕೈ ತಾನಾಗಿ ‘ಕುಳಿತಳು’ ಎಂದು ಬರೆದಿದೆ.

ದರ್ಜಿ ಕೆಲಸ ಮಾಡುತ್ತಿದ್ದರು, ನಿಜ. ಮಾಂಟ್‌ಗೊಮರಿ ಫೇರ್ ಎಂಬ ದೊಡ್ಡ ಅಂಗಡಿಯಲ್ಲಿ ಬಟ್ಟೆ ಸರಿಪಡಿಸುವ ಕೆಲಸ. ಆದರೆ ಸಂಜೆಯ ಹೊತ್ತು ಅವರು, ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿಯ ಊರಿನ ಶಾಖೆಗೆ ಕಾರ್ಯದರ್ಶಿ. 1943ರಲ್ಲಿ ಆ ಜವಾಬ್ದಾರಿ ಹೊತ್ತವರು. 1944ರಲ್ಲಿ ರೆಸಿ ಟೇಲರ್ ಎಂಬ ಹೆಂಗಸಿನ ಮೇಲೆ ಬಿಳಿಯರ ಗುಂಪು ಅತ್ಯಾಚಾರ ಮಾಡಿದಾಗ, ಟೇಲರ್ ಅವರ ಊರಿಗೇ ಹೋಗಿ ವಿವರ ಬರೆದುಕೊಂಡು ಬಂದವರು. 1955ರ ಬೇಸಿಗೆಯಲ್ಲಿ ಹೋರಾಟಗಾರರನ್ನು ತಯಾರು ಮಾಡುವ, ಟೆನೆಸಿಯ ಹೈಲ್ಯಾಂಡರ್ ಶಾಲೆಯಲ್ಲಿ ಎರಡು ವಾರದ ತರಬೇತಿ ಪಡೆದವರು. ಬಸ್ಸಿನ ಘಟನೆಗೆ ನಾಲ್ಕು ದಿನ ಮುಂಚೆ, ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗನ ಕೊಲೆಯ ಬಗ್ಗೆ ನಡೆದ ಸಭೆಯಲ್ಲೂ ಕೂತಿದ್ದರು. ಇಷ್ಟೆಲ್ಲ ಮಾಡಿದವರ ಒಳಗೆ ‘ತಟ್ಟನೆ ಏನೋ ಸಿಡಿಯಿತು’ ಅಂದರೆ ಹೇಗೆ? ದಣಿವಿನ ಮಾತನ್ನಂತೂ ಅವರೇ ಆತ್ಮಕಥೆಯಲ್ಲಿ ತಳ್ಳಿಹಾಕಿದ್ದಾರೆ. ಮೈ ದಣಿದಿದ್ದು ದಿನದಷ್ಟೇ. ಸಾಕಾಗಿದ್ದು ತಗ್ಗಿ ನಡೆಯುವುದು.

ಬಸ್ಸಿನ ಡ್ರೈವರ್ ಕೂಡ ಹಳೆಯ ಪರಿಚಯ. ಜೇಮ್ಸ್ ಬ್ಲೇಕ್. 1943ರಲ್ಲಿ ಮುಂದಿನ ಬಾಗಿಲಿನಿಂದ ಹತ್ತಿದರು ಅಂತ ಪಾರ್ಕ್ಸ್ ಅವರನ್ನು ಬಸ್ಸಿನಿಂದ ಇಳಿಸಿದವನು ಇವನೇ. ಅಂದಿನಿಂದ ಅವನ ಬಸ್ ಬಂದರೆ ಅವರು ಹತ್ತುತ್ತಿರಲಿಲ್ಲ. ಆ ಗುರುವಾರ ಸಂಜೆ ಡ್ರೈವರ್ ಯಾರೆಂದು ನೋಡದೆ ಹತ್ತಿಬಿಟ್ಟರು. ನಿಮಗೆ ಆಕಸ್ಮಿಕವೇ ಬೇಕಿದ್ದರೆ ಇಲ್ಲಿದೆ ನೋಡಿ.

ಇನ್ನು ‘ಬಿಳಿಯರಿಗೆ ಮೀಸಲಾದ ಸೀಟು’. ತಪ್ಪು. ಬಸ್ಸಿನಲ್ಲಿ 36 ಸೀಟು. ಮುಂದಿನ 10 ಬಿಳಿಯರಿಗೆ. ಪಾರ್ಕ್ಸ್ ಕೂತಿದ್ದು ಅದರ ಹಿಂದಿನ ಸಾಲಿನಲ್ಲಿ, ಕಪ್ಪು ಜನ ಕೂರಬಹುದಾದ ಕಡೆ. ಮುಂದೆ ತುಂಬಿತು. ಒಬ್ಬ ಬಿಳಿಯ ನಿಂತ. ಬಿಳಿಯ ಕೂತ ಸಾಲಿನಲ್ಲಿ ಕಪ್ಪು ಜನ ಕೂರುವ ಹಾಗಿಲ್ಲ. ಹಾಗಾಗಿ ಆ ಒಬ್ಬನಿಗಾಗಿ ಆ ಸಾಲಿನ ನಾಲ್ಕೂ ಜನ ಏಳಬೇಕು ಅಂತ ಡ್ರೈವರ್ ಹೇಳಿದ. ಮೂವರು ಎದ್ದರು. ಪಾರ್ಕ್ಸ್ ಏಳಲಿಲ್ಲ, ಅವರನ್ನು ಬಂಧಿಸಿದರು. ಒಬ್ಬನಿಗೆ ನಾಲ್ಕು ಸೀಟು. ಇಡೀ ವ್ಯವಸ್ಥೆಯ ಹುಚ್ಚು ಈ ಲೆಕ್ಕದಲ್ಲೇ ಇದೆ. ನೀವು ಅದನ್ನೇ ಬಿಟ್ಟು ‘ಏನೋ ಸಿಡಿಯಿತು’ ಎಂದು ಬರೆದಿದ್ದೀರಿ.

ಈಗ ಐದನೇ ವಾಕ್ಯ. ‘ಜನರ ಆಕ್ರೋಶ ಭುಗಿಲೆದ್ದಿತು.’ ಇಲ್ಲಿ ನನ್ನ ಪೆನ್ಸಿಲ್ ಮುರಿಯಿತು. ಕಾರಣ ಹಳೆಯದು.

ಎಂಬತ್ತರ ದಶಕದ ಆರಂಭದಲ್ಲಿ ನಾನೊಂದು ವಾರಪತ್ರಿಕೆಗೆ ಸೇರಿದೆ. ತಾಲ್ಲೂಕು ಕೇಂದ್ರದ ಸಣ್ಣ ಪತ್ರಿಕೆ. ಸಂಪಾದಕರು ನಿವೃತ್ತ ಮೇಷ್ಟ್ರು. ಒಂದು ಬೇಸಿಗೆಯಲ್ಲಿ ಹಳ್ಳಿಯೊಂದರ ಹೆಂಗಸರು ಖಾಲಿ ಕೊಡ ಹಿಡಿದು ತಾಲ್ಲೂಕು ಕಚೇರಿ ಮುಂದೆ ಕೂತರು. ನಾನು ಓಡಿಹೋಗಿ ನೋಡಿ ಬಂದು, ‘ನೀರಿಲ್ಲದೆ ಬೇಸತ್ತ ಮಹಿಳೆಯರ ಆಕ್ರೋಶ ಭುಗಿಲೆದ್ದಿತು’ ಎಂದು ಬರೆದೆ. ಆ ಸಾಲು ನನಗೆ ಎಷ್ಟು ಇಷ್ಟವಾಗಿತ್ತೆಂದರೆ ಇನ್ನೊಂದು ಹಾಳೆಯಲ್ಲಿ ಕಾಪಿ ಮಾಡಿ ಇಟ್ಟುಕೊಂಡಿದ್ದೆ.

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. “ಭುಗಿಲೆದ್ದದ್ದು ಎಷ್ಟು ಗಂಟೆಗಯ್ಯಾ?”

“ಹನ್ನೊಂದು ಗಂಟೆ ಸಾರ್.”

“ಅವರ ಊರು ಇಲ್ಲಿಂದ ಹದಿನಾಲ್ಕು ಕಿಲೋಮೀಟರ್. ಬೆಳಗಿನ ಬಸ್ಸು ಒಂದೇ. ನಲವತ್ತು ಹೆಂಗಸರು ಹೇಗೆ ಬಂದ್ರು?”

ಗೊತ್ತಿರಲಿಲ್ಲ. ಮಾರನೆಯ ದಿನ ಅದೇ ಬಸ್ಸಿಗೆ ಹತ್ತಿಸಿ ಕಳಿಸಿದರು. ಚಾರ್ಜಿಗೆ ಕಾಸು ಕೊಡಲಿಲ್ಲ, ಅದು ಬೇರೆ ವಿಷಯ. ಹೋಗಿ ಕೇಳಿದರೆ ಎಲ್ಲರೂ ಹಿಟ್ಟಿನ ಗಿರಣಿಯ ಕಡೆ ಕೈ ತೋರಿಸಿದರು. ಗಿರಣಿ ನಡೆಸುತ್ತಿದ್ದ ಹೆಂಗಸು ಎರಡು ವಾರದಿಂದ, ರಾಗಿ ಬೀಸಿಸಲು ಬಂದವರಿಗೆಲ್ಲ ವಿಷಯ ಹೇಳಿದ್ದರು. ಬರುತ್ತೇನೆ ಅಂದವರಿಗೆ ಕ್ಯಾಲೆಂಡರ್ ಹಾಳೆಯ ಹಿಂದೆ ಒಂದೊಂದು ಗೆರೆ. ತಲೆಗೆ ಒಂದು ರೂಪಾಯಿ ಎತ್ತಿ ಟ್ರ್ಯಾಕ್ಟರ್ ಮಾತಾಡಿದ್ದರು. ಆ ಹಾಳೆಯನ್ನು ನನಗೆ ತೋರಿಸಿದರು. ಹಿಟ್ಟು ಮೆತ್ತಿತ್ತು. ಆ ಗೆರೆಗಳನ್ನು ನೋಡಿದ ಮೇಲೆ ‘ಭುಗಿಲೆದ್ದಿತು’ ಎಂದು ಬರೆಯಲು ನನಗೆ ಇವತ್ತಿನವರೆಗೂ ನಾಚಿಕೆ.

ಮಾಂಟ್‌ಗೊಮರಿಯಲ್ಲೂ ಅಂಥದ್ದೊಂದು ಹಾಳೆ ಇದೆ.

ಜೋ ಆ್ಯನ್ ರಾಬಿನ್ಸನ್ ಅಂತ ಒಬ್ಬರು ಅಲಬಾಮಾ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ. 1949ರಲ್ಲಿ, ಹೆಚ್ಚುಕಡಿಮೆ ಖಾಲಿ ಇದ್ದ ಬಸ್ಸಿನಲ್ಲಿ ಮುಂದೆ ಕೂತದ್ದಕ್ಕೆ ಡ್ರೈವರ್ ಹೊಡೆಯುವಂತೆ ಮೈಮೇಲೆ ಬಂದಿದ್ದ. ಅಳುತ್ತಾ ಇಳಿದು ಹೋಗಿದ್ದರು. ಆಮೇಲೆ ಊರಿನ ಓದಿದ ಕಪ್ಪು ಹೆಂಗಸರು ಕಟ್ಟಿಕೊಂಡಿದ್ದ ‘ವಿಮೆನ್ಸ್ ಪೊಲಿಟಿಕಲ್ ಕೌನ್ಸಿಲ್’ ಸಂಘದ ಅಧ್ಯಕ್ಷೆಯಾದರು. 1954ರ ಮೇ 21ರಂದು ಮೇಯರ್‌ಗೆ ಪತ್ರ ಬರೆದು, ಬಸ್ ಬಹಿಷ್ಕಾರದ ಮಾತು ಊರಲ್ಲಿ ನಡೆಯುತ್ತಿದೆ ಅಂತ ಎಚ್ಚರಿಸಿದ್ದರು. ತಾರೀಖು ನೋಡಿ. ಪಾರ್ಕ್ಸ್ ಬಂಧನಕ್ಕೆ ಒಂದೂವರೆ ವರ್ಷ ಮುಂಚೆ!

ಬಂಧನದ ರಾತ್ರಿ ವಕೀಲ ಫ್ರೆಡ್ ಗ್ರೇ ಫೋನಿನಲ್ಲಿ ವಿಷಯ ತಿಳಿಸಿದರು. ನಡುರಾತ್ರಿಯ ಹೊತ್ತಿಗೆ ರಾಬಿನ್ಸನ್ ಕಾಲೇಜಿಗೆ ಹೋದರು. ಜೊತೆಗೆ ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳು. ಸ್ಟೆನ್ಸಿಲ್ ಕೊರೆದು, ಒಂದು ಹಾಳೆಗೆ ಮೂರು ಕರಪತ್ರ ಬರುವಂತೆ ಸೈಕ್ಲೋಸ್ಟೈಲ್ ಮಾಡಿದರು. ಹತ್ತಾರು ಸಾವಿರ ಪ್ರತಿ. ಸರ್ಕಾರಿ ಕಾಲೇಜಿನ ಯಂತ್ರ, ಯಾರಾದರೂ ನೋಡಿದ್ದರೆ ಎಲ್ಲರ ಗತಿ ಅಷ್ಟೇ. ನಾಲ್ಕು ಗಂಟೆಗೆ ಮುಗಿಯಿತು. ಎಂಟಕ್ಕೆ ರಾಬಿನ್ಸನ್ ಅವರಿಗೆ ಪಾಠ ಇತ್ತು. ಪಾಠ ಮುಗಿಸಿಯೇ ಹಂಚಲು ಹೊರಟರು. ನೀವು ಸೈಕ್ಲೋಸ್ಟೈಲ್ ನೋಡಿದ್ದೀರೋ ಇಲ್ಲವೋ. ನಮ್ಮ ಪತ್ರಿಕೆಯಲ್ಲಿ ಕೈಯಲ್ಲಿ ತಿರುಗಿಸುವಂಥದ್ದಿತ್ತು. ಐನೂರು ಪ್ರತಿ ತೆಗೆಯುವಷ್ಟರಲ್ಲಿ ಭುಜ ಬಿದ್ದುಹೋಗುತ್ತಿತ್ತು. ಉಗುರಿನ ಮಸಿ ಮೂರು ದಿನ ಬಿಡುತ್ತಿರಲಿಲ್ಲ, ಅನ್ನ ಕಲಸುವಾಗಲೂ ಅದೇ ವಾಸನೆ.

ಆ ಕರಪತ್ರವನ್ನು ಹುಡುಕಿ ಓದಿ. ಮೊದಲ ಪದವೇ ‘ಇನ್ನೊಬ್ಬ’. ಇನ್ನೊಬ್ಬ ನೀಗ್ರೋ ಹೆಂಗಸನ್ನು (ಆಗಿನ ಮಾತು) ಹಿಡಿದು ಜೈಲಿಗೆ ಹಾಕಿದ್ದಾರೆ ಅಂತ ಶುರುವಾಗುತ್ತದೆ. ಕ್ಲಾಡೆಟ್ ಕಾಲ್ವಿನ್ ಪ್ರಕರಣ ಆದಮೇಲೆ ಇದು ಎರಡನೇ ಸಲ ಎನ್ನುತ್ತದೆ. ಕಾಲ್ವಿನ್ ಅಂದರೆ ಅದೇ ವರ್ಷ ಮಾರ್ಚ್ 2ರಂದು ಸೀಟು ಬಿಡಲೊಪ್ಪದ ಹದಿನೈದು ವರ್ಷದ ಶಾಲಾ ಹುಡುಗಿ. ಆಮೇಲೆ ಅಕ್ಟೋಬರ್‌ನಲ್ಲಿ ಮೇರಿ ಲೂಯಿಸ್ ಸ್ಮಿತ್, ಹದಿನೆಂಟು ವರ್ಷ. ಮುಂದಿನ ಸಲ ನೀವೇ ಆಗಬಹುದು, ನಿಮ್ಮ ಮಗಳೋ ತಾಯಿಯೋ ಆಗಬಹುದು ಅನ್ನುತ್ತದೆ ಕರಪತ್ರ. ಸೋಮವಾರ ಬಸ್ ಹತ್ತಬೇಡಿ ಅನ್ನುತ್ತದೆ. ಇಡೀ ಕರಪತ್ರದಲ್ಲಿ ರೋಸಾ ಪಾರ್ಕ್ಸ್ ಹೆಸರಿಲ್ಲ!

ನೀವು ‘ಆ ಒಂದು ಕ್ಷಣ’ ಎಂದು ಬರೆದ ಕಡೆ ಆ ಊರಿನ ಹೆಂಗಸರು ‘ಇನ್ನೊಬ್ಬ’ ಎಂದು ಬರೆದಿದ್ದಾರೆ. ನನಗೆ ಆ ಪದ ಬೇಕು.

ಆರನೇ ವಾಕ್ಯ, ‘ಬಹಿಷ್ಕಾರ ಆರಂಭವಾಯಿತು’. ಆರಂಭವಾಗಿದ್ದು 381 ದಿನ ಹೇಗೆ ನಡೆಯಿತು? ಬಸ್ ಬಿಟ್ಟ ಜನರನ್ನು ಕೆಲಸಕ್ಕೆ ಮುಟ್ಟಿಸಿದ ಕಾರುಗಳಿಗೆ ಪೆಟ್ರೋಲ್ ಯಾರು ಹಾಕಿಸಿದರು? ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯವರು ಕೋಳಿ ಸ್ಯಾಂಡ್‌ವಿಚ್, ಕೇಕು, ಕಡುಬಿನಂಥ ಪೈ ಮಾಡಿ ಮಾರಿ, ಬಂದ ದುಡ್ಡನ್ನು ಸಭೆಗೆ ತಂದು ಕೊಡುತ್ತಿದ್ದರು. ಅವರ ಗುಂಪಿನ ಹೆಸರು ‘ಕ್ಲಬ್ ಫ್ರಮ್ ನೋವೇರ್’. ಎಲ್ಲೂ ಇಲ್ಲದ ಕ್ಲಬ್ಬು. ದುಡ್ಡು ಎಲ್ಲಿಂದ ಬಂತು ಅಂದರೆ ‘ಎಲ್ಲಿಂದಲೂ ಇಲ್ಲ’. ಯಾಕೆಂದರೆ ಅಡುಗೆ ಮಾಡಿಕೊಟ್ಟವರು ಬಿಳಿಯರ ಮನೆಗಳಲ್ಲಿ ಕೆಲಸಕ್ಕಿದ್ದವರು. ಹೆಸರು ಹೊರಬಿದ್ದರೆ ಅನ್ನ ಹೋಗುತ್ತಿತ್ತು. ಗಿಲ್ಮೋರ್ ಅವರ ಕೆಲಸ ಹೋಯಿತು ಕೂಡ. ಅವರು ಕರ್ತೃಪದ ಮುಚ್ಚಿಟ್ಟದ್ದಕ್ಕೆ ಕಾರಣ ಇತ್ತು. ನಿಮಗೇನಿತ್ತು ಕಾರಣ?

‘ರದ್ದಾಯಿತು’ ಅಂತೂ ಸುಮ್ನೆ ಬಿಡುವಂಥದ್ದಲ್ಲ. ಬಹಿಷ್ಕಾರದ ಮೊದಲ ಬೇಡಿಕೆಯಲ್ಲಿ ಪ್ರತ್ಯೇಕತೆಯ ರದ್ದತಿ ಇರಲೇ ಇಲ್ಲ. ಮರ್ಯಾದೆಯಿಂದ ಮಾತಾಡಿಸಿ, ಹಿಂದಿನಿಂದ ನಾವು, ಮುಂದಿನಿಂದ ಅವರು, ಬಂದ ಹಾಗೆ ಕೂರೋಣ, ಕಪ್ಪು ಡ್ರೈವರ್‌ಗಳನ್ನು ತಗೊಳ್ಳಿ. ಇಷ್ಟೇ ಕೇಳಿದ್ದು. ಅದನ್ನೂ ಕೊಡಲಿಲ್ಲ. ಆಮೇಲೆ 1956ರ ಫೆಬ್ರುವರಿಯಲ್ಲಿ 25 ವರ್ಷದ ಫ್ರೆಡ್ ಗ್ರೇ ಫೆಡರಲ್ ಕೋರ್ಟಿಗೆ ಹೋದರು. ‘ಬ್ರೌಡರ್ ವರ್ಸಸ್ ಗೇಲ್’ ಮೊಕದ್ದಮೆ; ಗೇಲ್ ಅಂದರೆ ಊರಿನ ಮೇಯರ್. ಅದರಲ್ಲಿ ಪಾರ್ಕ್ಸ್ ಇರಲಿಲ್ಲ. ಅವರ ಕೇಸು ರಾಜ್ಯದ ಕೋರ್ಟಿನಲ್ಲಿ ಸಿಕ್ಕಿಕೊಂಡಿತ್ತು. ಇದ್ದವರು ಆರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಸ್ಮಿತ್, ಮತ್ತೆ ಆ ಹುಡುಗಿ ಕಾಲ್ವಿನ್. ಸಾಕ್ಷಿ ಕಟ್ಟೆ ಹತ್ತಿದಾಗ ಅವಳಿಗೆ ಹದಿನಾರು. (ಇವಳಿಗೆ ‘ಅವಳು’ ಅನ್ನಬಹುದು, ನನ್ನ ಮೊಮ್ಮಗಳ ವಯಸ್ಸು.) ಸುಪ್ರೀಂ ಕೋರ್ಟು ನವೆಂಬರ್ 13ರಂದು ಇವರ ಪರ ನಿಂತಿತು. ಆದೇಶ ಊರು ಮುಟ್ಟಿದ್ದು ಡಿಸೆಂಬರ್ 20ಕ್ಕೆ.

ಬೇರೆ ತಿರುವುಗಳಿಗೆ ಕೈ ಹಾಕುವುದಿಲ್ಲ ಅಂದುಕೊಂಡಿದ್ದೆ. ಒಂದು ಮಾತ್ರ. ‘1965ರಲ್ಲಿ ಹೊಸ ವಲಸೆ ಕಾನೂನು ಜಾರಿಗೆ ಬಂದಿತು’ ಎಂದು ಅರ್ಧ ಸಾಲಿನಲ್ಲಿ ದಾಟಿದ್ದೀರಿ. ನೀವು ನ್ಯೂಜೆರ್ಸಿಯಲ್ಲಿ ಸೋದರಮಾವನ ಮನೆಯಲ್ಲಿ ಕೂತು ಇದನ್ನು ಬರೆದದ್ದಾಗಿ ಪತ್ರದಲ್ಲಿ ಹೇಳಿದ್ದೀರಿ, ಅಲ್ವಾ? ಆ ಕಾನೂನಿಗೆ ಮುಂಚೆ ಇಡೀ ಭಾರತಕ್ಕೆ ಇದ್ದ ಕೋಟಾ ವರ್ಷಕ್ಕೆ 100 ಜನ. ಹುಟ್ಟಿದ ದೇಶ ನೋಡಿ ಜನರನ್ನು ಸೋಸುವ 1924ರ ಕಾನೂನಿನ ವಿರುದ್ಧ ಬ್ರೂಕ್ಲಿನ್‌ನ ಇಮ್ಯಾನುಯೆಲ್ ಸೆಲ್ಲರ್ ಎಂಬ ಹೊಸ ಸಂಸದ ಅದೇ ವರ್ಷ ಎದ್ದು ಮಾತಾಡಿದ್ದರು, ಸೋತಿದ್ದರು. 1965ರ ಕಾನೂನಿನಲ್ಲಿ ಅದೇ ಮನುಷ್ಯನ ಹೆಸರಿದೆ. ನಲವತ್ತೊಂದು ವರ್ಷ! ‘ಜಾರಿಗೆ ಬಂದಿತಂತೆ’. ನಿಮ್ಮ ಮಾವನನ್ನೇ ಕೇಳಿ, ವೀಸಾ ಹೇಗೆ ಸಿಕ್ಕಿತು ಅಂತ.

ಲೇಖನ ವಾಪಸ್ ಕಳಿಸುತ್ತಿದ್ದೇನೆ. ಐದು ತಿರುವು ಜಾಸ್ತಿಯಾಯಿತು. ಆ ಡಿಸೆಂಬರ್ ರಾತ್ರಿ ಹನ್ನೆರಡರಿಂದ ಬೆಳಗಿನ ಎಂಟರವರೆಗೆ, ಅಷ್ಟನ್ನೇ ಬರೆದು ಕಳಿಸಿ. ನಾಲ್ಕು ಪುಟ ಮೀರಬೇಡಿ. ವಾಟರ್‌ಗೇಟ್ ಭಾಗ ಬೇರೆ ತೆಗೆದಿಟ್ಟುಕೊಳ್ಳಿ, ಮುಂದೆ ನೋಡೋಣ. ಮುಂದಿನ ತಿಂಗಳ 10ರೊಳಗೆ ಬಂದರೆ ಜಾಗ ಇಡುತ್ತೇನೆ. ಇನ್ನೊಂದು, ‘ಮಾಂಟ್‌ಗೊಮರಿ’ಯನ್ನು ಮೂರು ಥರ ಬರೆದಿದ್ದೀರಿ. ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ.