ಟರ್ಬೊ ಕಿಟ್ ಬೆಲೆ ಒಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ

ಪ್ರಶ್ನೆ: ನನ್ನ ಹತ್ತಿರ ಎರಡು ಸೀಟಿನ ಸ್ಪೋರ್ಟ್ಸ್ ಕಾರ್ ಇದೆ. 1.8 ಲೀಟರ್ ಪೆಟ್ರೋಲ್ ಎಂಜಿನ್, ಸುಮಾರು 140 ಹಾರ್ಸ್‌ಪವರ್, ಟರ್ಬೊ ಇಲ್ಲ, ಅಂದರೆ ಎಕ್ಸಾಸ್ಟ್ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ ಇಲ್ಲ. ತಿರುವುಗಳಲ್ಲಿ ಓಡಿಸಲು ಬಹಳ ಖುಷಿ, ಆದರೆ ನೇರ ರಸ್ತೆಯಲ್ಲಿ ಶಕ್ತಿ ಸಾಲುವುದಿಲ್ಲ. ಒಂದು ಟರ್ಬೊ ಕಿಟ್ ನೋಡಿಟ್ಟಿದ್ದೇನೆ. ಅದರ ಬೆಲೆ ಮತ್ತು ಸ್ವಲ್ಪ ಕೂಲಿ, ಇಷ್ಟನ್ನು ಕೂಡಿಟ್ಟಿದ್ದೇನೆ. ಗೆಳೆಯ ಇದರ ಎರಡರಷ್ಟು ಬೇಕು ಅನ್ನುತ್ತಾನೆ. ಸುಮ್ನೆ ಹೆದರಿಸುತ್ತಿದ್ದಾನಾ? ಬಜೆಟ್ ಹೇಗೆ ಹಾಕಲಿ?

ಉತ್ತರ: ನಿಮ್ಮ ಗೆಳೆಯ ಹೆದರಿಸುತ್ತಿಲ್ಲ, ಸರಿಯಾಗಿಯೇ ಹೇಳಿದ್ದಾರೆ. ಕಿಟ್ ಬೆಲೆ ಎಷ್ಟೇ ಇರಲಿ, ಅದು ಒಟ್ಟು ಖರ್ಚಿನ ಅರ್ಧಕ್ಕಿಂತ ಕಡಿಮೆ ಅಂದುಕೊಂಡೇ ಲೆಕ್ಕ ಶುರು ಮಾಡಿ. ಮನಸ್ಸಿಗೆ ಸ್ವಲ್ಪ ಬೇಜಾರಾಗುತ್ತದೆ, ನಿಜ. ಆದರೆ ಅರ್ಧ ದಾರಿಯಲ್ಲಿ ದುಡ್ಡು ಮುಗಿದು, ಟರ್ಬೊ ಕೂತಿದೆ ಟ್ಯೂನಿಂಗ್ ಆಗಿಲ್ಲ ಅನ್ನುವ ಸ್ಥಿತಿಯಲ್ಲಿ ಕಾರನ್ನು ರಸ್ತೆಗಿಳಿಸಿದರೆ ಎಂಜಿನ್ನೇ ಹೋಗಬಹುದು. ಆಗ ಎಷ್ಟು ಖರ್ಚು ಅಂತ ನೀವೇ ಯೋಚಿಸಿ.

ಮೊದಲು ಒಂದು ಅಂಕಿ ಬರೆದಿಟ್ಟುಕೊಳ್ಳಿ. ನಿಮಗೆ ಎಷ್ಟು ಹಾರ್ಸ್‌ಪವರ್ ಬೇಕು? "ಆದಷ್ಟು ಜಾಸ್ತಿ" ಅಂದರೆ ಬಜೆಟ್ ಹಾಕಲು ಆಗುವುದೇ ಇಲ್ಲ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 14.7 ಪಿಎಸ್‌ಐ. ಟರ್ಬೊ ಅದರ ಮೇಲೆ 7 ಪಿಎಸ್‌ಐ ಬೂಸ್ಟ್, ಅಂದರೆ ಹೆಚ್ಚುವರಿ ಒತ್ತಡ, ಕೊಟ್ಟರೆ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಹೆಚ್ಚುಕಡಿಮೆ ಒಂದೂವರೆ ಪಟ್ಟು ಆಗುತ್ತದೆ. ಕಾಗದದ ಮೇಲೆ ನಿಮ್ಮ 140 ಅನ್ನುವುದು 205ರ ಆಸುಪಾಸಿಗೆ ಬರಬೇಕು. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ, ಎಂಜಿನ್ ಉಳಿಯಲಿ ಅಂತ ಇಗ್ನಿಷನ್ ಟೈಮಿಂಗನ್ನು (ಸ್ಪಾರ್ಕ್ ಪ್ಲಗ್ ಕಿಡಿ ಕೊಡುವ ಹೊತ್ತನ್ನು) ಸ್ವಲ್ಪ ತಡ ಮಾಡಬೇಕಾಗುತ್ತದೆ, ಹಾಗಾಗಿ 180ರಿಂದ 190 ಸಿಕ್ಕರೆ ಒಳ್ಳೆಯ ಕೆಲಸ ಆಗಿದೆ ಅಂತ ತಿಳಿಯಿರಿ. ಹಗುರವಾದ ಕಾರಿಗೆ ಇದೇನು ಕಡಿಮೆ ಅಲ್ಲ. ಒಳಗಿನ ಭಾಗಗಳು ಗಟ್ಟಿ ಇರುವ ಎಂಜಿನ್ನಾದರೆ ಇಷ್ಟನ್ನು ಅದನ್ನು ಬಿಚ್ಚದೆಯೇ ಮಾಡಬಹುದು. 300 ಬೇಕು ಅಂತ ಹೊರಟರೆ ಫೋರ್ಜ್ಡ್ ಪಿಸ್ಟನ್, ಕನೆಕ್ಟಿಂಗ್ ರಾಡ್, ಗೇರ್‌ಬಾಕ್ಸ್ ಎಲ್ಲ ಲೆಕ್ಕಕ್ಕೆ ಬರುತ್ತವೆ. ಅದಕ್ಕೆ ಬೇಕಾಗುವುದು ಹೊಸ ಎಂಜಿನ್ ಕಟ್ಟುವಷ್ಟು ದುಡ್ಡು.

ಅಂಕಿ ಗೊತ್ತಾದ ಮೇಲೂ ಕಿಟ್ ಆರ್ಡರ್ ಮಾಡಬೇಡಿ. ಮೊದಲು ಈಗಿರುವ ಎಂಜಿನ್ ಪರೀಕ್ಷೆ ಮಾಡಿಸಿ. ಸಿಲಿಂಡರ್ ಎಷ್ಟು ಒತ್ತಡ ಕೊಡುತ್ತದೆ ಅಂತ ನೋಡುವ ಕಂಪ್ರೆಷನ್ ಟೆಸ್ಟ್ ಮತ್ತು ಅದರಿಂದ ಎಷ್ಟು ಗಾಳಿ ಸೋರುತ್ತದೆ ಅಂತ ನೋಡುವ ಲೀಕ್‌ಡೌನ್ ಟೆಸ್ಟ್, ಎರಡೂ ಬೇಕು. ಸಿಲಿಂಡರ್‌ಗಳ ನಡುವೆ ಶೇಕಡ 10ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ರಿಂಗ್, ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಸರಿ ಮಾಡಿಸುವ ತನಕ ಟರ್ಬೊ ಮಾತೇ ಬೇಡ. ಇಡೀ ಯೋಜನೆಯಲ್ಲಿ ಅತಿ ಕಡಿಮೆ ಖರ್ಚಿನ ಕೆಲಸ ಇದು, ಅತಿ ಹೆಚ್ಚು ದುಡ್ಡು ಉಳಿಸುವುದೂ ಇದೇ.

ಇನ್ನೊಂದು ವಿಷಯ ಕಂಪ್ರೆಷನ್ ರೇಶಿಯೊ, ಅಂದರೆ ಪಿಸ್ಟನ್ ಸಿಲಿಂಡರ್ ಒಳಗಿನ ಗಾಳಿಯನ್ನು ಎಷ್ಟರಲ್ಲಿ ಒಂದು ಪಾಲಿಗೆ ಒತ್ತುತ್ತದೆ ಅನ್ನುವ ಅಂಕಿ. ಹಳೆಯ ಮಜ್ದಾ ಎಂಎಕ್ಸ್-5ರ 1.6 ಲೀಟರ್ ಎಂಜಿನ್‌ನಲ್ಲಿ ಇದು 9.4. ಮೊದಲ ತಲೆಮಾರಿನ ಟೊಯೊಟಾ 86ರಲ್ಲಿ 12.5. ಈ ಅಂಕಿ ಜಾಸ್ತಿ ಇದ್ದಷ್ಟೂ ಬೂಸ್ಟ್ ಕೊಟ್ಟಾಗ ನಾಕಿಂಗ್ ಬೇಗ ಶುರುವಾಗುತ್ತದೆ, ಅಂದರೆ ಪೆಟ್ರೋಲ್ ಬೇಡದ ಹೊತ್ತಿನಲ್ಲಿ ತಾನಾಗಿ ಉರಿದು ಪಿಸ್ಟನ್ ಮೇಲೆ ಹೊಡೆತ ಕೊಡುತ್ತದೆ. ಅಂಥ ಎಂಜಿನ್ನಿಗೂ ಟರ್ಬೊ ಹಾಕುವವರಿದ್ದಾರೆ, ಹಾಕಬಹುದು ಕೂಡ. ಆದರೆ ಬೂಸ್ಟ್ ಕಡಿಮೆ ಇಡಬೇಕು, ಆಕ್ಟೇನ್ ಜಾಸ್ತಿ ಇರುವ ಪೆಟ್ರೋಲನ್ನೇ ಹಾಕಬೇಕು, ಟ್ಯೂನಿಂಗ್ ಇನ್ನೂ ಜಾಗ್ರತೆಯಿಂದ ಆಗಬೇಕು. ಈ ಮೂರೂ ನಿಮ್ಮ ಜೇಬಿಗೇ ಬರುತ್ತವೆ.

ಕಾರ್ ಕಂಪನಿಗಳು ಇದನ್ನು ಹೇಗೆ ನಿಭಾಯಿಸಿದವು ಅಂತ ನೋಡಿದರೆ ಬಜೆಟ್ ಯಾಕೆ ಬೆಳೆಯುತ್ತದೆ ಅನ್ನುವುದು ಅರ್ಥವಾಗುತ್ತದೆ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಟರ್ಬೊ ಹಾಕಿಕೊಂಡೇ ಕಾರ್ಖಾನೆಯಿಂದ ಬಂತು. ಕಂಪ್ರೆಷನ್ 10.25ರಲ್ಲೇ ಇತ್ತು. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್ನಿಗೆ ಸಿಂಪಡಿಸುವ ವ್ಯವಸ್ಥೆ ಮಾಡಿದ್ದರು. ಆ ಟ್ಯಾಂಕನ್ನು ಮತ್ತೆ ಮತ್ತೆ ತುಂಬಿಸಬೇಕಿತ್ತು, ಎಷ್ಟೋ ಮಾಲೀಕರು ತುಂಬಿಸಲಿಲ್ಲ. ಕೊನೆಗೆ ಹಲವು ಕಾರುಗಳಿಂದ ಟರ್ಬೊ ತೆಗೆದು ಮಾಮೂಲಿ ಕಾರ್ಬ್ಯುರೇಟರ್ ಕೂರಿಸಿದರು. ಪೋರ್ಷೆಯವರು ಬೇರೆ ದಾರಿ ಹಿಡಿದರು. 1975ರ 911 ಟರ್ಬೊದಲ್ಲಿ ಕಂಪ್ರೆಷನ್ನನ್ನು 6.5ಕ್ಕೆ ಇಳಿಸಿದರು, ಟಾರ್ಕ್ (ಎಂಜಿನ್ ತಿರುಗಿಸುವ ಬಲ) ತಡೆಯಲಿ ಅಂತ 5 ಗೇರ್ ಬದಲು ಗಟ್ಟಿಯಾದ 4 ಗೇರ್ ಬಾಕ್ಸ್ ಕೊಟ್ಟರು. 1978ರಲ್ಲಿ ಎಂಜಿನ್ 3.3 ಲೀಟರ್ ಆಗಿ ಶಕ್ತಿ ಜಾಸ್ತಿಯಾದಾಗ ಒತ್ತಿದ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಸೇರಿಸಿದರು, ಬ್ರೇಕನ್ನೂ ಬದಲಿಸಿದರು. ಆ ಬ್ರೇಕ್ ಅವರ 917 ರೇಸ್ ಕಾರಿನಿಂದ ಬಂದದ್ದು. ಅಷ್ಟು ಅನುಭವ ಇರುವ ಕಂಪನಿಯೇ ಟರ್ಬೊ ಜೊತೆಗೆ ಸುತ್ತಲಿನದನ್ನೆಲ್ಲ ಬದಲಿಸಿತು ಅಂದಮೇಲೆ ನಾವು ಕಿಟ್ ಒಂದರಲ್ಲೇ ಮುಗಿಸುವುದು ಹೇಗೆ ಅಲ್ವಾ?

ಈಗ ನಿಮ್ಮ ಕಿಟ್ ಪಟ್ಟಿ ತೆಗೆದು ನೋಡಿ. ಟರ್ಬೊ, ಅದಕ್ಕೆ ಹೊಗೆ ತರುವ ಮ್ಯಾನಿಫೋಲ್ಡ್, ಬೂಸ್ಟ್ ಮಿತಿ ಮೀರದಂತೆ ತಡೆಯುವ ವೇಸ್ಟ್‌ಗೇಟ್ ಇರುತ್ತವೆ. ಇಂಟರ್‌ಕೂಲರ್ ಇದೆಯಾ? 30 ಡಿಗ್ರಿಯ ಗಾಳಿಯನ್ನು 7 ಪಿಎಸ್‌ಐಗೆ ಒತ್ತಿದರೆ ಅದು ಸುಮಾರು 80 ಡಿಗ್ರಿಗೆ ಏರುತ್ತದೆ. ಬಿಸಿ ಗಾಳಿ ನಾಕಿಂಗ್‌ಗೆ ದಾರಿ. ಇಂಟರ್‌ಕೂಲರ್ ಇಲ್ಲದ ಕಿಟ್ ಅಗ್ಗ ಅಂತ ಅನ್ನಿಸಿದರೂ ಅದರ ಬೆಲೆಯನ್ನು ನೀವೇ ಸೇರಿಸಿಕೊಳ್ಳಬೇಕು. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಇವೆಯಾ? 4 ಸಿಲಿಂಡರಿನಲ್ಲಿ 200 ಹಾರ್ಸ್‌ಪವರ್ ಬರಬೇಕಾದರೆ, ಇಂಜೆಕ್ಟರ್ ಶೇಕಡ 80ರಷ್ಟು ಮಾತ್ರ ದುಡಿಯುವಂತೆ ಲೆಕ್ಕ ಹಾಕಿದರೆ, ಒಂದೊಂದೂ ನಿಮಿಷಕ್ಕೆ ಸುಮಾರು 400 ಸಿಸಿ ಪೆಟ್ರೋಲ್ ಕೊಡಬೇಕು. 140 ಹಾರ್ಸ್‌ಪವರ್‌ಗೆ ಅಂತ ಮಾಡಿದ ಇಂಜೆಕ್ಟರ್ ಇದಕ್ಕೆ ಸಾಲುವುದಿಲ್ಲ. ಪಂಪ್ ಕೂಡ ದೊಡ್ಡದು ಬೇಕಾಗಬಹುದು. ಸ್ಪಾರ್ಕ್ ಪ್ಲಗ್ ಒಂದು ಹಂತ ತಣ್ಣನೆಯದು, ಅಂದರೆ ಬಿಸಿಯನ್ನು ಬೇಗ ಹೊರಗೆ ಬಿಡುವಂಥದ್ದು, ಬೇಕು, ಅದು ಸಣ್ಣ ಖರ್ಚು.

ಆಯಿಲ್ ಪೈಪ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೂಲಿ ಲೆಕ್ಕ ತಪ್ಪುವುದು ಇಲ್ಲೇ. ಟರ್ಬೊದ ಶಾಫ್ಟ್ ನಿಮಿಷಕ್ಕೆ 1 ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಮಾಮೂಲಿ ಟರ್ಬೊದಲ್ಲಿ ಅದು ತಿರುಗುವುದು ಆಯಿಲ್‌ನ ತೆಳು ಪದರದ ಮೇಲೆ. ಆಯಿಲ್ ಒತ್ತಡದಿಂದ ಒಳಗೆ ಬರುತ್ತದೆ, ಆದರೆ ವಾಪಸ್ ಹೋಗುವುದು ತನ್ನ ಭಾರದಿಂದ ಮಾತ್ರ. ಹಾಗಾಗಿ ವಾಪಸ್ ಪೈಪ್ ದಪ್ಪ ಇರಬೇಕು, ಎಲ್ಲೂ ಮೇಲಕ್ಕೆ ಬಾಗದೆ ಇಳಿಜಾರಾಗಿ ಸಂಪ್‌ಗೆ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ) ಸೇರಬೇಕು. ಅಂದರೆ ಸಂಪ್ ಬಿಚ್ಚಿ, ತೂತು ಮಾಡಿ, ವೆಲ್ಡ್ ಮಾಡಬೇಕಾಗಬಹುದು. ಇದರ ಜೊತೆಗೆ ಗ್ಯಾಸ್ಕೆಟ್, ಸ್ಟಡ್, ಕ್ಲಾಂಪ್, ಸಿಲಿಕೋನ್ ಹೋಸ್, ಬಿಸಿ ತಡೆಯುವ ಶೀಲ್ಡ್. ಹಳೆ ಕಾರಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೋಲ್ಟ್ ಬಿಚ್ಚುವಾಗ ಒಂದೆರಡು ಮುರಿಯುತ್ತವೆ, ಅದನ್ನು ತೆಗೆಯಲು ಮತ್ತೆ ಕೂಲಿ. ಹೀಗೆ ಚಿಲ್ಲರೆ ಸಾಮಾನಿನ ಮೊತ್ತವೇ ದೊಡ್ಡದಾಗಿಬಿಡುತ್ತದೆ.

ಇಷ್ಟೆಲ್ಲ ಮಾಡಿ ಟ್ಯೂನಿಂಗ್‌ನಲ್ಲಿ ದುಡ್ಡು ಉಳಿಸುವುದು ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ. ನಿಮ್ಮ ಕಾರಿನ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ, ಬೂಸ್ಟ್ ಅಂದರೆ ಏನು ಅಂತ ಗೊತ್ತಿಲ್ಲ. ಸುಮ್ಮನೆ ಹೋಗುವಾಗ 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಸಾಕು. ಪೂರ್ತಿ ಬೂಸ್ಟ್‌ನಲ್ಲಿ ಸಾಮಾನ್ಯವಾಗಿ 11.5ರಿಂದ 12 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಬೇಕು. ಇದನ್ನು ಕಲಿಸಲು ಇಸಿಯು ಬದಲಿಸಬೇಕು ಇಲ್ಲವೇ ರೀಮ್ಯಾಪ್ (ಅದರೊಳಗಿನ ಲೆಕ್ಕಗಳನ್ನು ಹೊಸದಾಗಿ ಬರೆಯುವುದು) ಮಾಡಿಸಬೇಕು, ಈ ಗಾಳಿ ಪೆಟ್ರೋಲ್ ಪ್ರಮಾಣ ಅಳೆಯುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಹಾಕಬೇಕು, ಶಕ್ತಿ ಅಳೆಯುವ ಯಂತ್ರವಾದ ಡೈನೊ ಮೇಲೆ ಅನುಭವ ಇರುವವರ ಕೈಯಲ್ಲಿ ಟ್ಯೂನ್ ಮಾಡಿಸಬೇಕು. ಡೈನೊಗೆ ಒಂದು ಸಲ ಹೋಗಿ ಮುಗಿಯಿತು ಅಂದುಕೊಳ್ಳಬೇಡಿ. ಎಲ್ಲೋ ಗಾಳಿ ಸೋರುತ್ತದೆ, ಕ್ಲಚ್ ಜಾರುತ್ತದೆ, ಸರಿ ಮಾಡಿಸಿಕೊಂಡು ಮತ್ತೆ ಹೋಗಬೇಕಾಗುತ್ತದೆ. ಎರಡು ಸಲದ ಖರ್ಚು ಬರೆದುಕೊಳ್ಳಿ.

ನನ್ನ ಲೆಕ್ಕ ಹೀಗಿದೆ. ಒಟ್ಟು ದುಡ್ಡನ್ನು ಹತ್ತು ಪಾಲು ಮಾಡಿ. ನಾಲ್ಕು ಪಾಲು ಕಿಟ್‌ಗೆ, ಎರಡು ಇಸಿಯು ಮತ್ತು ಟ್ಯೂನಿಂಗ್‌ಗೆ, ಎರಡು ಕ್ಲಚ್, ರೇಡಿಯೇಟರ್, ಬ್ರೇಕ್, ಟೈರ್‌ಗೆ, ಎರಡು ಕೂಲಿ ಮತ್ತು ಚಿಲ್ಲರೆ ಸಾಮಾನಿಗೆ. ಇದರ ಹೊರಗೆ ಇನ್ನೂ ಎರಡು ಪಾಲು ಎತ್ತಿಡಿ, ಅದನ್ನು ದೊಡ್ಡ ಟರ್ಬೊ ಕೊಳ್ಳಲು ಮುಟ್ಟಬೇಡಿ. ಕಾರಿನಿಂದ ಕಾರಿಗೆ ಸ್ವಲ್ಪ ಆಚೀಚೆ ಆಗುತ್ತದೆ, ಆದರೆ ಮೀಸಲು ಪಾಲು ಮಾತ್ರ ಯಾವ ಕಾರಿಗೂ ತಪ್ಪಿದ್ದಲ್ಲ.

ಅಷ್ಟು ದುಡ್ಡು ಈಗ ಇಲ್ಲ ಅಂದರೆ ಬೇಜಾರು ಬೇಡ, ಕೆಲಸದ ಕ್ರಮ ಬದಲಿಸಿ. ಬ್ರೇಕ್ ಪ್ಯಾಡ್, ಒಳ್ಳೆ ಟೈರ್, ರೇಡಿಯೇಟರ್, ಕ್ಲಚ್ ಮೊದಲು ಮಾಡಿಸಿ. ಇವೆಲ್ಲ ಟರ್ಬೊ ಇಲ್ಲದೆಯೂ ಇವತ್ತೇ ಉಪಯೋಗಕ್ಕೆ ಬರುತ್ತವೆ, ಕಾರ್ ಓಡುತ್ತಲೇ ಇರುತ್ತದೆ. ಆಮೇಲೆ ಇಸಿಯು ಮತ್ತು ಸೆನ್ಸರ್. ಟರ್ಬೊ, ಇಂಜೆಕ್ಟರ್, ಟ್ಯೂನಿಂಗ್ ಮೂರಕ್ಕೂ ದುಡ್ಡು ಒಟ್ಟಿಗೆ ಕೈಯಲ್ಲಿ ಇರುವಾಗ ಮಾತ್ರ ಆ ಮೂರನ್ನು ಒಂದೇ ಸಲ ಮಾಡಿಸಿ.

ಪ್ರಶ್ನೆ: ಕಂಪನಿ ಟರ್ಬೊ ದುಬಾರಿ. ಸೆಕೆಂಡ್ ಹ್ಯಾಂಡ್ ಟರ್ಬೊ ಅಥವಾ ಹೆಸರಿಲ್ಲದ ಅಗ್ಗದ ಟರ್ಬೊ, ಯಾವುದು ವಾಸಿ?

ಉತ್ತರ: ಎರಡರಲ್ಲೇ ಆರಿಸಬೇಕು ಅಂದರೆ, ಒಳ್ಳೆ ಕಂಪನಿಯ ಸೆಕೆಂಡ್ ಹ್ಯಾಂಡ್. ಕೈಯಿಂದ ಶಾಫ್ಟ್ ಅಲುಗಾಡಿಸಿ ನೋಡಿ. ಅಡ್ಡಕ್ಕೆ ತುಸು ಅಲುಗಾಟ ಇರಬಹುದು, ಆದರೆ ರೆಕ್ಕೆ ಗೋಡೆಗೆ ತಾಗಬಾರದು. ಉದ್ದಕ್ಕೆ ಹಿಂದೆ ಮುಂದೆ ಆಡುವುದು ಕೈಗೆ ಗೊತ್ತಾಗುವಂತಿದ್ದರೆ ಬಿಟ್ಟುಬಿಡಿ. ರೆಕ್ಕೆಯ ಅಂಚು ತಿಂದುಹೋಗಿದ್ದರೆ, ಒಳಗೆಲ್ಲ ಆಯಿಲ್ ಒದ್ದೆ ಇದ್ದರೆ, ರಿಪೇರಿ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಅಗ್ಗದ ಟರ್ಬೊ ರೆಕ್ಕೆ ಮುರಿದರೆ ಚೂರುಗಳು ಎಂಜಿನ್ನಿನ ಕಡೆಗೇ ಹೋಗಬಹುದು.

ಪ್ರಶ್ನೆ: ಹಾಕಿಸಿದ ಮೇಲೆ ಪ್ರತಿ ವರ್ಷದ ಖರ್ಚು ಜಾಸ್ತಿಯಾಗುತ್ತಾ?

ಉತ್ತರ: ಆಗುತ್ತದೆ. ಆಯಿಲ್ ಬದಲಿಸುವ ಅವಧಿಯನ್ನು ಅರ್ಧಕ್ಕೆ ಇಳಿಸಿ, ಅದೂ ಸಿಂಥೆಟಿಕ್ ಆಯಿಲ್. ಆಕ್ಟೇನ್ ಜಾಸ್ತಿ ಇರುವ ಪೆಟ್ರೋಲಿಗೆ ತಕ್ಕಂತೆ ಟ್ಯೂನ್ ಮಾಡಿಸಿದ್ದರೆ ಯಾವಾಗಲೂ ಅದನ್ನೇ ಹಾಕಬೇಕು. ಕಾರಿಗೆ ವಾರಂಟಿ ಇದ್ದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಮಟ್ಟಿಗೆ ಅದನ್ನು ನಂಬಬೇಡಿ. ಇನ್ಶೂರೆನ್ಸ್ ಕಂಪನಿಗೆ ಮೊದಲೇ ಬರವಣಿಗೆಯಲ್ಲಿ ತಿಳಿಸಿ, ಪ್ರೀಮಿಯಂ ಎಷ್ಟು ಏರುತ್ತದೆ ಅಂತ ಕೇಳಿ. ತಿಳಿಸದೆ ಓಡಿಸಿ ಅಪಘಾತವಾದರೆ ಕ್ಲೇಮ್ ಕೊಡದೇ ಇರಬಹುದು. ಇಂಥ ಬದಲಾವಣೆಗೆ ಅನುಮತಿ ಮತ್ತು ಹೊಗೆ ಪರೀಕ್ಷೆಯ ನಿಯಮಗಳೂ ಇರುತ್ತವೆ. ಅದನ್ನು ಸಾರಿಗೆ ಇಲಾಖೆಯಲ್ಲಿ ಕೇಳಿದ ಮೇಲೆಯೇ ಕಿಟ್‌ಗೆ ಮುಂಗಡ ಕೊಡಿ.

ಪ್ರಶ್ನೆ: ಇಷ್ಟೆಲ್ಲ ಖರ್ಚು ಮಾಡುವ ಬದಲು ಕಾರ್ ಮಾರಿ ಕಾರ್ಖಾನೆಯಿಂದಲೇ ಟರ್ಬೊ ಇರುವ ಕಾರ್ ತೆಗೆದುಕೊಳ್ಳಬಾರದಾ?

ಉತ್ತರ: ಖಂಡಿತ ತೆಗೆದುಕೊಳ್ಳಬಹುದು, ವೇಗ ಒಂದೇ ಬೇಕು ಅನ್ನುವವರಿಗೆ ನಾನು ಹೇಳುವುದೂ ಅದನ್ನೇ. ನಿಮ್ಮ ಕಾರಿನ ಈಗಿನ ಬೆಲೆಗೆ ಟರ್ಬೊದ ಪೂರ್ತಿ ಬಜೆಟ್ ಸೇರಿಸಿ, ಮೀಸಲು ಪಾಲನ್ನೂ ಬಿಡದೆ. ಆ ಮೊತ್ತಕ್ಕೆ ಯಾವ ಕಾರ್ ಬರುತ್ತದೆ ಅಂತ ನೋಡಿ, ಅದನ್ನು ಒಮ್ಮೆ ಓಡಿಸಿ. ಟರ್ಬೊ ಹಾಕಿಸಿದ ದುಡ್ಡು ಮಾರುವಾಗ ವಾಪಸ್ ಬರುವುದು ಅಪರೂಪ, ಎಷ್ಟೋ ಜನ ಬದಲಾಯಿಸಿದ ಕಾರ್ ಅಂದರೆ ಹಿಂದೆ ಸರಿಯುತ್ತಾರೆ. ಆ ಕಾರ್ ಓಡಿಸಿ ಇಳಿದ ಮೇಲೂ ನಿಮ್ಮ ಹಳೆ ಕಾರೇ ಬೇಕು ಅನ್ನಿಸಿದರೆ ಧೈರ್ಯವಾಗಿ ಟರ್ಬೊ ಹಾಕಿಸಿ. ತೆಗೆದ ಹಳೆ ಭಾಗಗಳನ್ನೆಲ್ಲ ಮಾತ್ರ ಬಿಸಾಡದೆ ಇಟ್ಟುಕೊಳ್ಳಿ, ಮುಂದೆ ಕಾರನ್ನು ಮೊದಲಿನ ಹಾಗೆ ಮಾಡಿ ಮಾರಬೇಕಾದರೆ ಅವು ಬೇಕಾಗುತ್ತವೆ.