ಅಪ್ಪನ ಧಮ್ಮ, ನನ್ನ ತಾರೆ: ಯಾವ ದಾರಿ ನನ್ನದು?

ಪ್ರಶ್ನೆ: ನಾನು ಕಲಬುರಗಿಯವಳು, ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದೇನೆ. ಬಾಬಾಸಾಹೇಬರ ದಾರಿಯಲ್ಲಿ ಅಪ್ಪ ಬೌದ್ಧ ದೀಕ್ಷೆ ಪಡೆದಾಗ ನನಗೆ ಎಂಟು ವರ್ಷ. ಎರಡು ವರ್ಷಗಳ ಹಿಂದೆ 10 ದಿನಗಳ ವಿಪಶ್ಯನ ಶಿಬಿರ ಮುಗಿಸಿ ಬಂದಂದಿನಿಂದ ದಿನವೂ ಧ್ಯಾನಕ್ಕೆ ಕೂರುತ್ತೇನೆ, ಆದರೆ ಈಚೆಗೆ ಅದು ಒಣಒಣ ಎನ್ನಿಸುತ್ತಿದೆ. ಬೈಲಕುಪ್ಪೆಯ ಟಿಬೆಟನ್ ಬೌದ್ಧ ಮಠದಲ್ಲಿ ಪೂಜೆಯ ಪಠಣ ಕೇಳುತ್ತ ಅತ್ತುಬಿಟ್ಟೆ. ಈಗ ಧ್ಯಾನದ ನಡುವೆಯೇ ಟಿಬೆಟನ್ ಬೌದ್ಧರ ಕರುಣೆಯ ದೇವಿ ತಾರೆಯ ಮಂತ್ರವನ್ನೂ ಜಪಿಸುತ್ತೇನೆ. ‘ದೇವರನ್ನು ಹೊರಗಿಟ್ಟ ಮನೆಗೆ ಮತ್ತೆ ದೇವಿಯನ್ನು ತರುತ್ತೀಯಾ?’ ಎಂದ ಅಪ್ಪ ನನ್ನೊಡನೆ ಮಾತು ಬಿಟ್ಟಿದ್ದಾರೆ. ಯಾವುದು ನಿಜವಾದ ಬೌದ್ಧ ಮಾರ್ಗ?

ಉತ್ತರ: ಮೊದಲು ಅಪ್ಪನ ಮಾತಿಗೆ ಬರುತ್ತೇನೆ, ನಿಮ್ಮನ್ನು ಹೆಚ್ಚು ನೋಯಿಸುತ್ತಿರುವುದು ಅದೇ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಅವರು ಅನುಯಾಯಿಗಳಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮೊದಲನೆಯದೇ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ದೇವರೆಂದು ನಂಬುವುದಿಲ್ಲ, ಪೂಜಿಸುವುದಿಲ್ಲ ಎಂಬುದು. ಗುಡಿಯ ಹೊಸ್ತಿಲು ತುಳಿಯಗೊಡದ ಸಮಾಜದಲ್ಲಿ ಬೆಳೆದವರಿಗೆ ಆ ಮಾತು ಎಂತಹ ಬಿಡುಗಡೆಯಾಗಿತ್ತು ಎಂಬುದನ್ನು ನಾನು ನಿಮಗೆ ಹೇಳಬೇಕಿಲ್ಲ. ಮಗಳ ಕೈಯಲ್ಲಿ ಜಪಮಾಲೆ ನೋಡಿದಾಗ ಅವರ ಕಣ್ಣಿಗೆ ಕಟ್ಟಿದ್ದು ಆ ಹಳೆಯ ಗುಡಿಯೇ ಇರಬೇಕು.

ಆದರೆ ಅದೇ ದಿನ ಬಾಬಾಸಾಹೇಬರು ಬುದ್ಧ, ಧಮ್ಮ, ಸಂಘಗಳಿಗೆ ಶರಣಾಗುವ ತ್ರಿಶರಣವನ್ನೂ ಐದು ನಡತೆಯ ನಿಯಮಗಳಾದ ಪಂಚಶೀಲವನ್ನೂ ಸ್ವೀಕರಿಸಿದ್ದು ಬರ್ಮಾ ಮೂಲದ ಭಿಕ್ಕು ಚಂದ್ರಮಣಿ ಅವರಿಂದ; ಅವರು ಪಾಳಿ ಗ್ರಂಥಗಳನ್ನು ಆಧರಿಸಿದ ಥೇರವಾದ ಪಂಥದವರು. ನಿಮ್ಮ ವಿಪಶ್ಯನವನ್ನು 1969ರಲ್ಲಿ ಭಾರತಕ್ಕೆ ತಂದ ಗೋಯೆಂಕಾ ಅವರೂ ಬರ್ಮಾದಲ್ಲಿಯೇ ಹುಟ್ಟಿ, ಅಲ್ಲಿಯೇ ಕಲಿತವರು. ಹಾಗೆಂದು ಬಾಬಾಸಾಹೇಬರು ಥೇರವಾದವನ್ನು ಇಡಿಯಾಗಿ ಒಪ್ಪಿದವರಲ್ಲ. ದುಃಖ ಮತ್ತು ಅದರ ನಿವಾರಣೆಯ ಕುರಿತ ನಾಲ್ಕು ಆರ್ಯಸತ್ಯಗಳು ಬುದ್ಧನ ಮೂಲ ಬೋಧನೆಯೇ ಹೌದೇ ಎಂದು ತಮ್ಮ ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದ ಪೀಠಿಕೆಯಲ್ಲಿಯೇ ಪ್ರಶ್ನಿಸಿದರು. ಪರೀಕ್ಷಿಸಿ ಸ್ವೀಕರಿಸುವ ಹಕ್ಕು ನಿಮಗೆ ಅಪ್ಪನ ಕಡೆಯಿಂದಲೇ ಬಂದಿದೆ.

ಇನ್ನು ತಾರೆ. ಹೊರಗಿನಿಂದ ನೋಡಿದರೆ ವರ ಬೇಡುವ ಪೂಜೆಯಂತೆ ಕಾಣುವ ಈ ಸಾಧನೆಯ ಒಳಕ್ರಮವೇ ಬೇರೆ: ಹಸಿರು ಮೈಬಣ್ಣದ, ಕರೆದೊಡನೆ ಎದ್ದು ಬರುವವಳಂತೆ ಬಲಗಾಲನ್ನು ಮುಂದಕ್ಕೆ ಚಾಚಿ ಕುಳಿತ ಆಕೆಯ ರೂಪವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು, ಆಕೆಯ ಕರುಣೆಯನ್ನು ತನ್ನದಾಗಿಸಿಕೊಂಡು, ಕೊನೆಗೆ ಆ ರೂಪವನ್ನೂ ಶೂನ್ಯದಲ್ಲಿ ಕರಗಿಸಬೇಕು. ಅದನ್ನು ಕ್ರಮವಾಗಿ ಮಾಡಲು ಗುರುವಿನಿಂದ ದೀಕ್ಷೆ ಬೇಕು. ವಿಪಶ್ಯನದಲ್ಲಾದರೋ ಮೊದಲು ಮೂಗಿನ ಹೊಳ್ಳೆಯ ಬಳಿ ಸುಳಿದಾಡುವ ಉಸಿರನ್ನು, ನಾಲ್ಕನೆಯ ದಿನದಿಂದ ಮೈಯ ಸಂವೇದನೆಗಳನ್ನು ಇದ್ದದ್ದು ಇದ್ದಂತೆ ಗಮನಿಸುತ್ತೀರಿ. ಮಂತ್ರವನ್ನಾಗಲಿ ರೂಪವನ್ನಾಗಲಿ ಬೆರೆಸಬಾರದೆಂದು ಶಿಬಿರದಲ್ಲಿಯೇ ಹೇಳಿರುತ್ತಾರೆ. ಒಂದು ರೂಪವನ್ನು ಕಟ್ಟುತ್ತದೆ, ಇನ್ನೊಂದು ಏನನ್ನೂ ಕಟ್ಟದೆ ನೋಡುತ್ತದೆ. ಒಂದೇ ಹೊತ್ತಿನಲ್ಲಿ ಎರಡನ್ನೂ ಮಾಡಿದರೆ ಎರಡೂ ಕೆಡುತ್ತವೆ, ಆ ಬೆರಕೆಯನ್ನು ಇಂದೇ ನಿಲ್ಲಿಸಿ.

ಬೈಲಕುಪ್ಪೆಯ ಕಣ್ಣೀರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದು ಮಾರ್ಗವನ್ನು ಬದಲಿಸು ಎಂದು ಹೇಳಿತೋ, ನಿಮ್ಮ ಧ್ಯಾನದಲ್ಲಿ ಕರುಣೆ ಬತ್ತಿದೆ ಎಂದು ಹೇಳಿತೋ? ಎರಡನೆಯದೇ ಇರಬೇಕೆಂದು ನನಗೆ ತೋರುತ್ತದೆ. ಶಿಬಿರದ ಹತ್ತನೆಯ ದಿನ ಕಲಿಸಿದ, ಎಲ್ಲರಿಗೂ ಒಳಿತು ಬಯಸುವ ಮೆತ್ತಾ ಭಾವನೆಯನ್ನು ಬಹಳ ಮಂದಿ ಮನೆಗೆ ಬಂದ ಮೇಲೆ ಬಿಟ್ಟೇಬಿಡುತ್ತಾರೆ. ಎರಡು ವರ್ಷ ಬೇರು ಬಿಟ್ಟ ಗಿಡವನ್ನು ಕೀಳುವ ಮುನ್ನ ಒಂದು ವರ್ಷ ವಿಪಶ್ಯನವೊಂದನ್ನೇ ಹಿಡಿದು, ಪ್ರತಿ ಸಲ ಮುಗಿಸುವಾಗ ಹತ್ತು ನಿಮಿಷ ಮೆತ್ತಾ ಮಾಡಿ. ಒಬ್ಬೊಬ್ಬ ಗುರುವೂ ತನ್ನದೇ ಸರಿ ಎನ್ನುತ್ತಾನೆ ಎಂದು ಗೊಂದಲಗೊಂಡ ಕೇಸಪುತ್ತದ ಕಾಲಾಮರಿಗೆ ಬುದ್ಧ ಕೊಟ್ಟ ಒರೆಗಲ್ಲು ಲೋಭ, ದ್ವೇಷ, ಮೋಹಗಳದ್ದು: ಒಂದು ಬೋಧನೆ ಅವನ್ನು ಹೆಚ್ಚಿಸುತ್ತದೆಯೋ, ತಗ್ಗಿಸುತ್ತದೆಯೋ ಎಂದು ನೋಡಬೇಕು. ಕಚೇರಿಯಲ್ಲಿ ನಿಮ್ಮ ಸಿಡುಕು ತಗ್ಗಿದೆಯೇ ಎಂಬುದನ್ನು ಅಲ್ಲಿ ಜೊತೆಗಿರುವವರನ್ನೂ ಕೇಳಿ. ವರ್ಷದ ಕೊನೆಗೂ ತಾರೆ ಕರೆಯುತ್ತಿದ್ದರೆ ಬೈಲಕುಪ್ಪೆಗೆ ಹೋಗಿ, ಗುರುವನ್ನು ಕಂಡು, ಪೂರ್ಣವಾಗಿ ಆ ದಾರಿ ಹಿಡಿಯಿರಿ.

ಈ ಬಾರಿ ಊರಿಗೆ ಹೋದಾಗ ಅಪ್ಪನನ್ನು ಸನ್ನತಿಯ ಬಳಿಯ ಕನಗನಹಳ್ಳಿಗೆ ಕರೆದೊಯ್ಯಿರಿ. ಬುದ್ಧನನ್ನು ಪಾದ, ಚಕ್ರ, ಬರಿದಾದ ಆಸನಗಳಿಂದಷ್ಟೇ ಸೂಚಿಸಿದ ಫಲಕಗಳೂ ಬುದ್ಧನ ಮೂರ್ತಿಗಳೂ ಭೀಮಾ ದಂಡೆಯ ಆ ಒಂದೇ ಸ್ತೂಪದ ನೆಲದಲ್ಲಿ ಸಿಕ್ಕಿವೆ. ಅಲ್ಲಿ ಕುಳಿತು, ದೀಕ್ಷೆಯ ದಿನ ಮನೆಯ ಜಗಲಿಯಿಂದ ಏನೇನು ತೆಗೆದಿರಿಸಿದಿರಿ ಎಂದು ಅವರನ್ನು ಕೇಳಿ. ಅವರು ಹೇಳಿ ಮುಗಿಸುವವರೆಗೆ ತಾರೆಯ ಹೆಸರೆತ್ತಬೇಡಿ.